ಡಿ.ಜೆ. ಎಂಬ ಹೆಸರು: ಮಾಕಳಿದುರ್ಗದ ಸೀಮೆಯ ಉತ್ಸವಧ್ವನಿಯನ್ನು ಕುರಿತು ಒಂದು ವಿಚಾರ

೧

ದೊಡ್ಡಬಳ್ಳಾಪುರ ತಾಲ್ಲೂಕಿಗೆ ಸೇರಿದ ಮಾಕಳಿದುರ್ಗವು ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು ೬೦ ಕಿಲೋಮೀಟರು ದೂರದಲ್ಲಿರುವ ಒಂದು ಗಿರಿದುರ್ಗ. ಬೆಟ್ಟದ ನೆತ್ತಿಯಲ್ಲಿ ಕೋಟೆಗೋಡೆಗಳ ಅವಶೇಷಗಳೂ ನಂದಿಯ ವಿಗ್ರಹವುಳ್ಳ ಹಳೆಯ ಗುಡಿಯೂ ಉಳಿದುಕೊಂಡಿವೆ. ಬುಡದಲ್ಲಿ, ಗುಡ್ಡಗಳ ನಡುವಣ ಕಣಿವೆಯಲ್ಲಿ, ಬೆಂಗಳೂರಿನಿಂದ ಹಿಂದೂಪುರ, ಗುಂತಕಲ್ಲುಗಳ ಕಡೆಗೆ ಹೋಗುವ ರೈಲುಮಾರ್ಗವು ಹಾದುಹೋಗುತ್ತದೆ. ಸಮೀಪದಲ್ಲಿಯೇ ಘಾಟಿ ಸುಬ್ರಹ್ಮಣ್ಯ ಕ್ಷೇತ್ರವಿದೆ. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವವೂ ಅಲ್ಲಿ ನೆರೆಯುವ ದನಗಳ ಜಾತ್ರೆಯೂ ಈ ಸೀಮೆಯ ಜನರು ವರ್ಷವನ್ನು ಎಣಿಸುವ ಗುರುತುಗಳಾಗಿವೆ.

ಇಂತಹ ಸ್ಥಳಗಳ ಇತಿಹಾಸವನ್ನು ಬರೆಯುವವರು ಶಾಸನ, ಕೋಟೆ, ದೇವಾಲಯ, ಕೈಫಿಯತ್ತುಗಳನ್ನು ಆಧಾರವಾಗಿ ಹಿಡಿಯುವುದು ರೂಢಿ. ಕಣ್ಣಿಗೆ ಕಂಡುದು ದಾಖಲೆಯಾಗುತ್ತದೆ. ಕಿವಿಗೆ ಬಿದ್ದುದು ಗಾಳಿಯಲ್ಲಿ ಕರಗಿಹೋಗುತ್ತದೆ. ಆದರೂ ಊರಹಬ್ಬ, ಮದುವೆಯ ಮೆರವಣಿಗೆ, ಗಣೇಶನ ವಿಸರ್ಜನೆ, ರಾಜ್ಯೋತ್ಸವ ಇವುಗಳಲ್ಲಿ ಜನರು ಏನನ್ನು ಕೇಳಿದರು, ಆ ಧ್ವನಿಯನ್ನು ಹೊರಡಿಸಿದವರು ಯಾರು, ಯಾವ ಸಾಧನದಿಂದ ಹೊರಡಿಸಿದರು ಎಂಬ ಪ್ರಶ್ನೆಗಳು ಸಾಮಾಜಿಕ ಇತಿಹಾಸಕ್ಕೆ ಹೊರಗಿನವಲ್ಲ.

ಈ ಸೀಮೆಯಲ್ಲಿ, ಹಾಗೆಯೇ ಕರ್ನಾಟಕದ ಬಹುಭಾಗದಲ್ಲಿ, ಇಂದು ಉತ್ಸವಧ್ವನಿಗೆ ಸಲ್ಲುವ ಹೆಸರು ‘ಡಿ.ಜೆ.’ ಎಂಬುದು. ‘ಡಿಸ್ಕ್ ಜಾಕಿ’ ಎಂಬ ಇಂಗ್ಲಿಷು ಮಾತಿನ ಮೊದಲಕ್ಷರಗಳಿಂದಾದ ಈ ಹೆಸರು ಹುಟ್ಟಿದಾಗ ಒಬ್ಬ ಮನುಷ್ಯನನ್ನು, ಎಂದರೆ ಬಾನುಲಿಯಲ್ಲಿ ಧ್ವನಿಮುದ್ರಿಕೆಗಳನ್ನು ಆರಿಸಿ ನುಡಿಸುವವನನ್ನು, ಸೂಚಿಸುತ್ತಿದ್ದಿತು. ನಮ್ಮ ಹಳ್ಳಿಗಳಲ್ಲಿ ‘ಡಿ.ಜೆ. ತರಿಸಿದ್ದಾರೆ’ ಎಂದರೆ ಲಾರಿಯ ಮೇಲೋ ಟ್ರ್ಯಾಕ್ಟರಿನ ಮೇಲೋ ಪೇರಿಸಿದ ಸ್ಪೀಕರು ಪೆಟ್ಟಿಗೆಗಳನ್ನು ತರಿಸಿದ್ದಾರೆ ಎಂದೇ ಅರ್ಥ. ೨೦೦೧ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೊದಲ ಖಾಸಗಿ ಎಫ್.ಎಂ. ಕೇಂದ್ರವು ಆರಂಭವಾದ ತರುವಾಯ ಬಳಕೆಗೆ ಬಂದ ‘ಆರ್.ಜೆ.’ ಎಂಬ ಸೋದರಶಬ್ದವು ಇಂದಿಗೂ ಮನುಷ್ಯನನ್ನೇ ಹೇಳುತ್ತದೆ, ‘ಡಿ.ಜೆ.’ ಮಾತ್ರ ವಸ್ತುವಿನ ಹೆಸರಾಗಿದೆ. ಈ ಅರ್ಥಪಲ್ಲಟವು ಕೇವಲ ಭಾಷಾಶಾಸ್ತ್ರಜ್ಞರ ಕುತೂಹಲದ ವಿಷಯವಲ್ಲ. ಹಬ್ಬದ ದಿನಗಳು ಬಂದಾಗ ಆಡಳಿತವು ನಿಷೇಧಿಸುವುದು ಈ ಹೆಸರನ್ನೇ; ಆದುದರಿಂದ ಆ ಹೆಸರಿನೊಳಗೆ ಏನೇನು ಅಡಗಿದೆಯೆಂಬುದನ್ನು ಬಿಡಿಸಿ ನೋಡುವುದು ಅವಶ್ಯ. ಅದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆಯೆಂಬುದನ್ನೂ, ಆ ಮೂರಕ್ಕೂ ಪ್ರತ್ಯೇಕವಾದ ವಂಶಾವಳಿಗಳಿವೆಯೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಆರಿಸಿ ನುಡಿಸುವ ಮನುಷ್ಯ ಒಂದು. ಹಾಡಿಗೆ ಹಾಡನ್ನು ಕೂಡಿಸುವ ಸಾಧನ, ಅಂದರೆ ಪ್ಲೇಯರು ಮತ್ತು ಮಿಕ್ಸರು, ಎರಡನೆಯದು. ಧ್ವನಿಯನ್ನು ಹಿಗ್ಗಿಸುವ ಯಂತ್ರ ಮೂರನೆಯದು.

೨

ಯಂತ್ರಗಳು ಬರುವ ಮುನ್ನ ಈ ಸೀಮೆಯ ಉತ್ಸವಗಳಲ್ಲಿ ತಮಟೆಯೂ ಓಲಗವೂ ಮುಖ್ಯವಾದ ವಾದ್ಯಗಳಾಗಿದ್ದವು. ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿಮಾಡಿಕೊಂಡು ನುಡಿಸುವಾತನು ಕುಣಿಯುವವರ ಕಾಲನ್ನು ನೋಡಿಯೇ ಗತಿಯನ್ನು ಏರಿಸುತ್ತಾನೆ, ಇಳಿಸುತ್ತಾನೆ. ನುಡಿಸುವವನೂ ಆರಿಸುವವನೂ ಇಲ್ಲಿ ಒಬ್ಬನೇ.

ಇವೆರಡನ್ನೂ ಬೇರ್ಪಡಿಸಿದುದು ಗ್ರಾಮಾಫೋನು. ೧೯೦೨ರಲ್ಲಿ ಕಲ್ಕತ್ತೆಗೆ ಬಂದ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣಕಾರರು ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಕಂಠವನ್ನು ಮುದ್ರಿಸಿಕೊಂಡರು. ಇದೇ ಗಾಯಕಿ ತಮ್ಮ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ೧೯೦೮ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಿಕೆಗಳನ್ನು ಅಚ್ಚುಹಾಕುವ ಕಾರ್ಖಾನೆಯು ಸ್ಥಾಪಿತವಾದ ಮೇಲೆ ‘ಪ್ಲೇಟು’ಗಳು ದೇಶದಲ್ಲೆಲ್ಲ ಹರಡಿದವು.

ನಿಮಿಷಕ್ಕೆ ೭೮ ಸುತ್ತು ತಿರುಗುವ ಹತ್ತು ಅಂಗುಲದ ಪ್ಲೇಟಿನ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷಗಳ ಹಾಡು ಮಾತ್ರ ಹಿಡಿಸುತ್ತಿದ್ದಿತು. ಹಾಡು ಮುಗಿದೊಡನೆ ಮುಳ್ಳನ್ನು ಎತ್ತಬೇಕು, ಪ್ಲೇಟನ್ನು ತಿರುವಬೇಕು ಅಥವಾ ಬದಲಿಸಬೇಕು. ಈ ನಡುವೆ ಒಂದು ಬಿಡುವು ಅನಿವಾರ್ಯ. ಆಂಪ್ಲಿಫೈಯರು, ತಗಡಿನ ಕೊಂಬಿನ ಸ್ಪೀಕರು, ಪ್ಲೇಟಿನ ಯಂತ್ರ ಇವು ಮೂರೂ ಒಟ್ಟಾಗಿ ‘ಮೈಕ್ ಸೆಟ್ಟು’ ಎಂಬ ಹೆಸರಿನಿಂದ ಹಳ್ಳಿಗಳಿಗೆ ಬಂದಾಗಲೂ ಈ ಬಿಡುವು ಹಾಗೆಯೇ ಉಳಿಯಿತು.

ಇದನ್ನು ನಾವು ಯಂತ್ರದ ಕೊರತೆಯೆಂದು ಮಾತ್ರ ಎಣಿಸಬಾರದು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹೆಸರನ್ನು ಕೂಗಿ ಹೇಳುತ್ತಿದ್ದುದು, ಪೂಜೆಯ ಹೊತ್ತನ್ನು ತಿಳಿಸುತ್ತಿದ್ದುದು, ದಾನಕೊಟ್ಟವರ ಹೆಸರನ್ನು ಓದುತ್ತಿದ್ದುದು ಎಲ್ಲವೂ ಈ ಬಿಡುವಿನಲ್ಲಿಯೇ. ಮೈಕಿನವನು ಹಾಡನ್ನು ಹಾಕುವವನಾಗಿದ್ದಂತೆಯೇ ಊರಿನ ಸಾರುವವನೂ ಆಗಿದ್ದನು. ೧೯೬೩ರಲ್ಲಿ ಫಿಲಿಪ್ಸ್ ಸಂಸ್ಥೆಯು ಹೊರತಂದ ಕ್ಯಾಸೆಟ್ಟು ೧೯೮೦ರ ದಶಕದಲ್ಲಿ ನಮ್ಮಲ್ಲಿ ಮನೆಮಾತಾದಾಗ ಹಾಡುಗಳ ಸಾಲು ಉದ್ದವಾಯಿತು, ಬಿಡುವು ವಿರಳವಾಯಿತು. ಭಾವಗೀತೆ, ಜನಪದ ಗೀತೆ, ಹರಿಕಥೆಗಳು ಅಗ್ಗದ ಬೆಲೆಗೆ ದೊರೆತವು. ಆದರೆ ಕ್ಯಾಸೆಟ್ಟಿನಲ್ಲಿ ಬೇಕಾದ ಹಾಡನ್ನು ಬೇಕಾದ ಕ್ಷಣದಲ್ಲಿ ಹಿಡಿಯುವುದು ಕಷ್ಟ. ಸುರುಳಿಯನ್ನು ಸುತ್ತುತ್ತ ಹುಡುಕಬೇಕು. ಆದಕಾರಣ ಹಾಡುಗಳ ಕ್ರಮವು ಮೊದಲೇ ನಿಶ್ಚಿತವಾಗಿ, ಕುಣಿಯುವವರನ್ನು ನೋಡಿ ಆರಿಸುವ ಅವಕಾಶವು ಕುಗ್ಗಿತು.

೩

ಹಾಡಿಗೂ ಹಾಡಿಗೂ ನಡುವಣ ಬಿಡುವನ್ನು ಇಲ್ಲವಾಗಿಸಬೇಕೆಂಬ ಪ್ರಯತ್ನವು ಹೊರನಾಡಿನ ನೃತ್ಯಶಾಲೆಗಳಲ್ಲಿ ಬೆಳೆದುದು. ಅದರ ಉಪಾಯ ಸರಳವಾದುದು: ಒಂದು ಯಂತ್ರಕ್ಕೆ ಬದಲು ಎರಡನ್ನು ಇಟ್ಟು, ಒಂದರಲ್ಲಿ ಹಾಡು ನಡೆಯುತ್ತಿರುವಾಗಲೇ ಇನ್ನೊಂದರಲ್ಲಿ ಮುಂದಿನ ಹಾಡನ್ನು ಸಿದ್ಧಪಡಿಸುವುದು. ಇದಕ್ಕೆ ಎರಡು ಸಾಧನಗಳು ಬೇಕಾದವು.

ಮೊದಲನೆಯದು ಮಿಕ್ಸರು. ಎರಡು ಅಥವಾ ಹೆಚ್ಚು ಕಡೆಗಳಿಂದ ಬರುವ ಧ್ವನಿಯನ್ನು ಬೇಕಾದ ಪ್ರಮಾಣದಲ್ಲಿ ಬೆರೆಸುವ ಪೆಟ್ಟಿಗೆ ಇದು. ಕಾದುನಿಂತ ಹಾಡನ್ನು ಸಭೆಗೆ ಕೇಳಿಸದಂತೆ ತಾನೊಬ್ಬನೇ ಹೆಡ್‌ಫೋನಿನಲ್ಲಿ ಕೇಳಿ ನೋಡುವ ಅನುಕೂಲವು ಇದರ ಜೀವಾಳ. ಅಮೆರಿಕದಲ್ಲಿ ೧೯೭೧ರ ಸುಮಾರಿಗೆ ಅಲೆಕ್ಸ್ ರೋಸ್ನರ್, ರೂಡಿ ಬೊಜಾಕ್ ಎಂಬವರು ನೃತ್ಯಶಾಲೆಗಳಿಗೆಂದೇ ಇಂತಹ ಮಿಕ್ಸರುಗಳನ್ನು ರಚಿಸಿದರು. ಎರಡನೆಯದು ನಂಬಿಕೆಗೆ ಅರ್ಹವಾದ ತಿರುಗುತಟ್ಟೆ. ಜಪಾನಿನ ಮತ್ಸುಷಿತ ಸಂಸ್ಥೆಯು ‘ಟೆಕ್ನಿಕ್ಸ್’ ಎಂಬ ಹೆಸರಿನಲ್ಲಿ ೧೯೭೨ರಲ್ಲಿ ಹೊರತಂದ ಎಸ್‌ಎಲ್-೧೨೦೦ ಎಂಬ ಯಂತ್ರದಲ್ಲಿ ಮೋಟಾರು ಪಟ್ಟಿಯ ಸಹಾಯವಿಲ್ಲದೆ ತಟ್ಟೆಯನ್ನು ನೇರವಾಗಿ ತಿರುಗಿಸುತ್ತಿದ್ದಿತು. ಕೈಯಿಂದ ಹಿಡಿದು ಬಿಟ್ಟೊಡನೆ ಪ್ಲೇಟು ತನ್ನ ವೇಗವನ್ನು ಮರಳಿ ಪಡೆಯುತ್ತಿದ್ದಿತು. ೧೯೭೯ರ ಎರಡನೆಯ ಮಾದರಿಯಲ್ಲಿ ವೇಗವನ್ನು ಶೇಕಡ ೮ರಷ್ಟು ಏರಿಸುವ ಅಥವಾ ಇಳಿಸುವ ಜಾರುಗುಂಡಿಯೂ ಸೇರಿತು. ಎರಡು ಹಾಡುಗಳ ಗತಿಯನ್ನು ಸಮಮಾಡಿ, ತಾಳಕ್ಕೆ ತಾಳ ಕೂಡುವಂತೆ ಒಂದರೊಳಗೆ ಇನ್ನೊಂದನ್ನು ಇಳಿಸುವ ಕುಶಲಕರ್ಮಕ್ಕೆ ಇದು ನೆರವಾಯಿತು.

ದೊಡ್ಡಬಳ್ಳಾಪುರವು ವಿದ್ಯುನ್ಮಗ್ಗಗಳ ಊರು. ಅಲ್ಲಿಯ ನೇಕಾರರಿಗೆ ಈ ಕೆಲಸವನ್ನು ವಿವರಿಸಬೇಕಾದರೆ ಹೆಚ್ಚು ಮಾತು ಬೇಡ. ಮುಗಿಯುತ್ತ ಬಂದ ಹಾಸಿನ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು, ಮಗ್ಗವು ಮುಂದುವರಿಯುವಂತೆ ಮಾಡುವುದು ಅವರು ಬಲ್ಲ ವಿದ್ಯೆ. ಎರಡು ಹಾಡುಗಳ ಸಂಧಿಯನ್ನು ಕೇಳುಗನಿಗೆ ತಿಳಿಯದಂತೆ ಹೊಸೆಯುವುದೂ ಅದೇ ಜಾತಿಯದು.

ಇದೇ ಕಾಲದಲ್ಲಿ ಇನ್ನೊಂದು ಪ್ರವಾಹವೂ ಬಂದು ಸೇರಿತು. ಜಮೈಕಾ ದ್ವೀಪದಲ್ಲಿ ೧೯೫೦ರ ದಶಕದಿಂದಲೂ ದೊಡ್ಡ ಸ್ಪೀಕರು ಪೆಟ್ಟಿಗೆಗಳನ್ನು ಬೀದಿಗೆ ತಂದು ಧ್ವನಿಮುದ್ರಿಕೆಗಳನ್ನು ನುಡಿಸುವ ‘ಸೌಂಡ್ ಸಿಸ್ಟಂ’ ಪದ್ಧತಿ ಬೆಳೆದಿದ್ದಿತು. ನಮ್ಮ ಮೈಕ್ ಸೆಟ್ಟಿಗೆ ಇದನ್ನು ದೂರದ ದಾಯಾದಿಯೆನ್ನಬಹುದು. ಆ ದ್ವೀಪದಲ್ಲಿ ಹುಟ್ಟಿದ ಕೂಲ್ ಹರ್ಕ್ ಎಂಬ ತರುಣನು ೧೯೭೩ರ ಆಗಸ್ಟ್ ೧೧ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ ನಡೆಸಿದ ಕೂಟವು ಹಿಪ್‌ಹಾಪ್ ಸಂಗೀತದ ಆರಂಭವೆಂದು ಗಣನೆಗೆ ಬಂದಿದೆ. ಎರಡು ತಿರುಗುತಟ್ಟೆಗಳ ಕೂಡಿಕೆಯೂ ಭಾರಿ ಸ್ಪೀಕರುಗಳ ಗಾತ್ರವೂ ಒಬ್ಬನ ಕೈಯಲ್ಲಿ ಒಂದಾದುದನ್ನು ಇಲ್ಲಿ ಕಾಣುತ್ತೇವೆ. ಒಂದಾದವು ನಿಜ, ಆದರೆ ಅವುಗಳ ಮೂಲ ಬೇರೆ ಬೇರೆಯೆಂಬುದನ್ನು ಮರೆಯಬಾರದು.

೪

೧೯೮೨ರಲ್ಲಿ ಸೋನಿ, ಫಿಲಿಪ್ಸ್ ಸಂಸ್ಥೆಗಳು ಮಾರುಕಟ್ಟೆಗೆ ತಂದ ಕಾಂಪ್ಯಾಕ್ಟ್ ಡಿಸ್ಕು, ಅಂದರೆ ಸೀಡಿ, ಧ್ವನಿಯನ್ನು ಗೀರಿನ ರೂಪದಿಂದ ಅಂಕಿಗಳ ರೂಪಕ್ಕೆ ತಂದಿತು. ಒಂದು ಸೆಕೆಂಡಿನ ಧ್ವನಿಯನ್ನು ೪೪,೧೦೦ ಬಾರಿ ಅಳೆದು, ಆ ಅಳತೆಗಳನ್ನೇ ಅದರಲ್ಲಿ ಬರೆದಿಡಲಾಗುತ್ತದೆ. ಆದರೆ ಸೀಡಿಯನ್ನು ಕೈಯಿಂದ ಮುಟ್ಟಿ ನಿಲ್ಲಿಸುವಂತಿಲ್ಲ. ಆದುದರಿಂದ ಕೂಡಿಕೆಯ ಕೆಲಸಕ್ಕೆ ಅದು ಮೊದಲು ಒಗ್ಗಲಿಲ್ಲ. ೧೯೯೪ರಲ್ಲಿ ಪಯೋನಿಯರ್ ಸಂಸ್ಥೆಯು ಹೊರತಂದ ಸಿಡಿಜೆ-೫೦೦ ಎಂಬ ಪ್ಲೇಯರು ಈ ತೊಡಕನ್ನು ಭಾಗಶಃ ಬಿಡಿಸಿತು. ೨೦೦೧ರ ಸಿಡಿಜೆ-೧೦೦೦ ಎಂಬುದರಲ್ಲಿ ಅಗಲವಾದ ಗಾಲಿಯೊಂದನ್ನಿಟ್ಟು, ಅದನ್ನು ಅಂಗೈಯಿಂದ ಒತ್ತಿ ಹಿಂದಕ್ಕೆ ಮುಂದಕ್ಕೆ ಸರಿಸಿದರೆ ಪ್ಲೇಟನ್ನೇ ಸರಿಸಿದಂತೆ ಧ್ವನಿ ಬರುವ ಹಾಗೆ ಮಾಡಲಾಯಿತು.

ಅಂಕರೂಪದ ಈ ಪ್ಲೇಯರುಗಳಿಂದ ಆದ ಒಂದು ಬದಲಾವಣೆಯನ್ನು ನಮ್ಮ ಸಂಗೀತಶಾಸ್ತ್ರದ ಮಾತಿನಲ್ಲಿಯೇ ಸ್ಪಷ್ಟವಾಗಿ ಹೇಳಬಹುದು. ಪ್ಲೇಟಿನ ವೇಗವನ್ನು ಹೆಚ್ಚಿಸಿದರೆ ಲಯದೊಡನೆ ಶ್ರುತಿಯೂ ಏರುತ್ತದೆ; ಗಾಯಕನ ಕಂಠ ಕೀರಲಾಗುತ್ತದೆ. ಅಂಕರೂಪದ ಪ್ಲೇಯರಿನಲ್ಲಿ ಶ್ರುತಿಯನ್ನು ಕದಲಿಸದೆ ಲಯವನ್ನು ಮಾತ್ರ ಬದಲಿಸಬಹುದು. ಲಯ, ಶ್ರುತಿಗಳೆರಡೂ ಪ್ರತ್ಯೇಕವಾಗಿ ಕೈವಶವಾದುದರಿಂದ, ನಿಧಾನಗತಿಯ ದೇವರನಾಮವೊಂದನ್ನು ಕುಣಿತದ ಗತಿಗೆ ತರುವುದೂ, ಹಳೆಯ ಚಲನಚಿತ್ರಗೀತೆಯನ್ನು ತಮಟೆಯ ಪೆಟ್ಟಿಗೆ ಹೊಂದಿಸುವುದೂ ಸುಲಭಸಾಧ್ಯವಾಯಿತು.

೨೦೦೯ರ ಸಿಡಿಜೆ-೨೦೦೦ ಪ್ಲೇಯರಿನಿಂದ ಮೊದಲ್ಗೊಂಡು ಸೀಡಿಯ ಸ್ಥಾನವನ್ನು ಪೆನ್‌ಡ್ರೈವು ಆಕ್ರಮಿಸತೊಡಗಿತು. ಮೊದಲೇ ಗಣಕಯಂತ್ರದಲ್ಲಿ ಹಾಡುಗಳನ್ನು ಪರಿಶೀಲಿಸಿ, ಅವುಗಳ ಗತಿಯನ್ನೂ ಗುರುತುಸ್ಥಾನಗಳನ್ನೂ ಅದರಲ್ಲಿ ಬರೆದುಕೊಂಡು ಬರಬಹುದು. ೨೦೨೦ರಲ್ಲಿ ಬಂದ ಸಿಡಿಜೆ-೩೦೦೦ ಎಂಬ ಪ್ಲೇಯರಿನಲ್ಲಿ ಸೀಡಿಯನ್ನು ಹಾಕುವ ಬಾಯಿಯೇ ಇಲ್ಲ. ಹೆಸರಿನಲ್ಲಿ ಮಾತ್ರ ಸೀಡಿ ಉಳಿದಿದೆ. ಪಾಳೆಯಗಾರರಿಲ್ಲದ ಊರಿಗೆ ಪಾಳ್ಯವೆಂಬ ಹೆಸರು ಉಳಿಯುವಂತೆ, ವಸ್ತು ಹೋದ ಮೇಲೂ ಹೆಸರು ನಿಲ್ಲುವುದು ಇತಿಹಾಸದಲ್ಲಿ ಸಾಮಾನ್ಯ.

ಈ ಪ್ಲೇಯರುಗಳಲ್ಲಿ ಇತಿಹಾಸದ ವಿದ್ಯಾರ್ಥಿಗಳು ಗಮನಿಸತಕ್ಕ ಇನ್ನೊಂದು ವಿಶೇಷವುಂಟು. ನುಡಿಸಿದ ಹಾಡುಗಳ ಪಟ್ಟಿಯನ್ನು ಅವು ಕ್ರಮವಾಗಿ ಪೆನ್‌ಡ್ರೈವಿನಲ್ಲಿ ದಾಖಲಿಸಿಕೊಳ್ಳುತ್ತವೆ. ಆ ಪಟ್ಟಿಗೆ ಯಂತ್ರದವರು ಕೊಟ್ಟ ಹೆಸರೂ ‘ಹಿಸ್ಟರಿ’ ಎಂದೇ. ತಮಟೆಯವನಿಂದಲೂ ಮೈಕ್ ಸೆಟ್ಟಿನವನಿಂದಲೂ ನಮಗೆ ದೊರೆಯದ ದಾಖಲೆ ಇದು. ಆದರೆ ಹಾಡನ್ನು ಎಲ್ಲಿ ಕೂಡಿಸಿದನು, ಯಾವ ಕ್ಷಣದಲ್ಲಿ ಜನರ ಉತ್ಸಾಹವನ್ನು ನೋಡಿ ಕ್ರಮವನ್ನು ಬದಲಿಸಿದನು ಎಂಬುದು ಅದರಲ್ಲಿ ಕಾಣುವುದಿಲ್ಲ. ಪೆನ್‌ಡ್ರೈವನ್ನು ಅಳಿಸಿ ಹೊಸ ಹಾಡುಗಳನ್ನು ತುಂಬುವಾಗ ಆ ಪಟ್ಟಿಯೂ ಅಳಿದುಹೋಗುತ್ತದೆ. ಒಡೆದ ಪ್ಲೇಟಿನ ಚೂರಿನ ಮೇಲೂ ಹೆಸರು ಓದಿಕೊಳ್ಳಬಹುದಿತ್ತು. ಅಳಿಸಿದ ಪೆನ್‌ಡ್ರೈವಿನ ಮೇಲೆ ಓದಲು ಏನೂ ಉಳಿಯುವುದಿಲ್ಲ.

೫

ಇಲ್ಲಿಯವರೆಗೆ ಹೇಳಿದ ಸಾಧನಗಳಲ್ಲಿ ಯಾವುದೂ ಗದ್ದಲವನ್ನು ಮಾಡತಕ್ಕದ್ದಲ್ಲ. ಪ್ಲೇಯರನ್ನೂ ಮಿಕ್ಸರನ್ನೂ ಮಾತ್ರ ಮೇಜಿನ ಮೇಲಿಟ್ಟು ನುಡಿಸಿದರೆ ಹೆಡ್‌ಫೋನು ಧರಿಸಿದವನ ಹೊರತು ಪಕ್ಕದಲ್ಲಿದ್ದವನಿಗೂ ಹಾಡು ಕೇಳಿಸದು. ಮಿಕ್ಸರಿನಿಂದ ಹೊರಡುವುದು ಒಂದೆರಡು ವೋಲ್ಟಿನ ವಿದ್ಯುತ್ಸಂಕೇತ ಅಷ್ಟೆ. ಅದನ್ನು ಊರಿಗೆಲ್ಲ ಕೇಳಿಸುವುದು ಆಂಪ್ಲಿಫೈಯರು ಮತ್ತು ಸ್ಪೀಕರು. ಇವುಗಳ ವಂಶಾವಳಿಯು ೧೯೧೫ರಲ್ಲಿ ಕ್ಯಾಲಿಫೋರ್ನಿಯದ ಜೆನ್ಸೆನ್, ಪ್ರಿಡ್‌ಹ್ಯಾಮ್ ಎಂಬವರು ಪ್ರದರ್ಶಿಸಿದ ಧ್ವನಿವರ್ಧಕದಿಂದ ಮೊದಲಾಗಿ, ನಮ್ಮ ಸ್ವಾತಂತ್ರ್ಯ ಚಳವಳಿಯ ಮಹಾಸಭೆಗಳ ಮೂಲಕ, ಹಳ್ಳಿಯ ಕೊಂಬಿನ ಸ್ಪೀಕರಿಗೆ ಬಂದುದು.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆಯೆಂಬುದನ್ನು ನೋಡೋಣ. ಭಾರತ ಸರ್ಕಾರವು ೨೦೦೦ದ ಫೆಬ್ರವರಿಯಲ್ಲಿ ಹೊರಡಿಸಿದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಗಳಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ಲುಗಳ ಮಿತಿಯುಂಟು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಣ ೧೦೦ ಮೀಟರು ನಿಶ್ಶಬ್ದ ವಲಯವಾಗಬಹುದು. ಅಲ್ಲಿ ಹಗಲು ೫೦, ರಾತ್ರಿ ೪೦. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಅವಶ್ಯ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಅದರ ಬಳಕೆ ನಿಷಿದ್ಧ. ಹಬ್ಬಹರಿದಿನಗಳಿಗಾಗಿ ವರ್ಷಕ್ಕೆ ೧೫ ದಿನಗಳನ್ನು ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ. ೨೦೦೫ರ ಜುಲೈ ೧೮ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪು ರಾತ್ರಿಯ ಈ ನಿಷೇಧವನ್ನು ಧ್ವನಿವರ್ಧಕಕ್ಕೆ ಮಾತ್ರವಲ್ಲದೆ ಡೋಲು, ತುತ್ತೂರಿಗಳಿಗೂ ಅನ್ವಯಿಸಿತು. ಈ ನಿಯಮಗಳಲ್ಲಿ ಎಲ್ಲಿಯೂ ‘ಡಿ.ಜೆ.’ ಎಂಬ ಹೆಸರು ಇಲ್ಲ. ಅವು ಎಣಿಸುವುದು ಗಾತ್ರವನ್ನು, ಹೊತ್ತನ್ನು, ಸ್ಥಳವನ್ನು.

ಇಂತಿರಲು, ಈಚಿನ ವರ್ಷಗಳಲ್ಲಿ ಗಣೇಶೋತ್ಸವವು ಸಮೀಪಿಸುತ್ತಲೇ ರಾಜ್ಯದ ಹಲವು ಜಿಲ್ಲೆಗಳಲ್ಲಿ ‘ಡಿ.ಜೆ. ನಿಷೇಧ’ದ ಪ್ರಕಟಣೆಗಳು ಹೊರಡುತ್ತಿರುವುದನ್ನು ಕಾಣುತ್ತೇವೆ. ಇವುಗಳ ಉದ್ದೇಶವು ಸಾಧುವಾದುದು. ಮುದುಕರು, ರೋಗಿಗಳು, ಹಸುಗೂಸುಗಳು, ಕಟ್ಟಿದ ದನಗಳು ಪಡುವ ಸಂಕಟವು ಕಲ್ಪಿತವಲ್ಲ. ಆದರೆ ಹೆಸರಿನ ಮೂಲಕ ನಿಷೇಧಿಸಿದಾಗ ಎರಡು ತೊಡಕುಗಳು ಹುಟ್ಟುತ್ತವೆ. ಅದೇ ಸ್ಪೀಕರುಗಳನ್ನು ‘ಸೌಂಡ್ ಸಿಸ್ಟಂ’ ಎಂಬ ಬೇರೆ ಹೆಸರಿನಲ್ಲಿ ತಂದವನು ತಾನು ನಿಷೇಧಕ್ಕೆ ಹೊರಗೆಂದು ವಾದಿಸಲು ಅವಕಾಶವಾಗುತ್ತದೆ. ಮದುವೆಯ ಮಂಟಪದೊಳಗೆ ಮಿತವಾದ ಗಾತ್ರದಲ್ಲಿ ಕೂಡಿಕೆಯ ಕೆಲಸವನ್ನು ಮಾಡುವ ತರುಣನು ಹೆಸರಿನ ದೆಸೆಯಿಂದಲೇ ಅಪರಾಧಿಯಂತೆ ಕಾಣಿಸಿಕೊಳ್ಳುತ್ತಾನೆ.

ಅಳತೆಯಲ್ಲಿಯೂ ಒಂದು ಸೂಕ್ಷ್ಮವಿದೆ. ನಿಯಮಗಳ ಡೆಸಿಬೆಲ್ಲನ್ನು ಮನುಷ್ಯನ ಕಿವಿಯ ಗ್ರಹಣಶಕ್ತಿಗೆ ಹೊಂದಿಸಿದ ‘ಎ’ ತೂಕದಿಂದ ಎಣಿಸುತ್ತಾರೆ. ಸೆಕೆಂಡಿಗೆ ೫೦ ಕಂಪನಗಳ ಮಂದ್ರಧ್ವನಿಯು ಈ ಲೆಕ್ಕದಲ್ಲಿ ಸುಮಾರು ೩೦ ಡೆಸಿಬೆಲ್ಲು ಕಡಮೆಯಾಗಿ ತೋರುತ್ತದೆ. ಮೆರವಣಿಗೆಯ ದಿನ ಎದೆಯನ್ನು ನಡುಗಿಸುವುದು, ಕಿಟಕಿಯ ಗಾಜನ್ನು ಅಲುಗಿಸುವುದು ಈ ಮಂದ್ರಧ್ವನಿಯೇ. ಅದರ ಅಲೆಯ ಉದ್ದ ಸುಮಾರು ೭ ಮೀಟರು. ಮನೆಯ ಗೋಡೆ ಅದನ್ನು ಸುಲಭವಾಗಿ ತಡೆಯಲಾರದು. ಹೀಗಾಗಿ ಮಾಪಕದ ಅಂಕಿಗೂ ಜನರ ದೂರಿಗೂ ನಡುವೆ ಅಂತರ ಬೀಳುವುದು ಸಹಜ. ಈ ಮಂದ್ರವನ್ನು ತಗ್ಗಿಸುವ ಗುಂಡಿ ಇರುವುದಾದರೂ ಎಲ್ಲಿ? ಮಿಕ್ಸರಿನಲ್ಲಿಯೇ. ಮಂದ್ರ, ಮಧ್ಯ, ತಾರಗಳಿಗೆ ಬೇರೆ ಬೇರೆ ಗುಂಡಿಗಳು ಅದರಲ್ಲಿ ಪ್ರತಿಯೊಂದು ಹಾಡಿಗೂ ಇರುತ್ತವೆ. ಯಾವ ಸಾಧನದ ಮೇಲೆ ದೋಷವನ್ನು ಹೊರಿಸುತ್ತೇವೆಯೋ ಅದರಲ್ಲಿಯೇ ಪರಿಹಾರದ ಗುಂಡಿಯೂ ಇದೆ. ಅದನ್ನು ತಿರುಗಿಸುವ ಕೈ ಮಾತ್ರ ಬೇಕಾಗಿದೆ.

೬

‘ಡಿ.ಜೆ. ಬಂದು ತಮಟೆ ಹಾಳಾಯಿತು’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಈ ಮಾತನ್ನು ಹಾಗೆಯೇ ಒಪ್ಪಿಕೊಳ್ಳುವುದು ಇತಿಹಾಸಕಾರನಿಗೆ ತಕ್ಕುದಲ್ಲ. ತಮಟೆಯನ್ನು ಬಾರಿಸುವ ಕೆಲಸವು ಬಹುಕಾಲ ಜಾತಿಯ ಕಟ್ಟುಪಾಡಿನೊಡನೆ ಹೆಣೆದುಕೊಂಡಿದ್ದಿತು. ಇಷ್ಟವಿರಲಿ ಬಿಡಲಿ, ಊರಿನ ಕೆಲಸಕ್ಕೆ ಬಂದು ಬಾರಿಸಬೇಕೆಂಬ ಒತ್ತಾಯವಿದ್ದಿತು. ಆ ಒತ್ತಾಯದಿಂದ ಬಿಡುಗಡೆ ಪಡೆದವನು ತಮಟೆಯನ್ನು ಕೆಳಗಿಟ್ಟರೆ ಅದನ್ನು ಕಲೆಯ ನಾಶವೆಂದಷ್ಟೇ ಶೋಕಿಸುವುದು ಅನ್ಯಾಯ. ಮಿಕ್ಸರಿನ ಮುಂದೆ ನಿಲ್ಲುವವನ ಜಾತಿಯನ್ನು ಆ ಯಂತ್ರವು ಕೇಳುವುದಿಲ್ಲ. ಇನ್ನೊಂದು ಕಡೆ, ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದರಾದ ಮುನಿವೆಂಕಟಪ್ಪನವರಿಗೆ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದುದು, ಒತ್ತಾಯ ಕಳಚಿದ ತರುವಾಯ ಅದೇ ವಾದ್ಯವು ಮನ್ನಣೆಯ ಕಲೆಯಾಗಿ ನಿಲ್ಲಬಲ್ಲುದೆಂಬುದಕ್ಕೆ ನಿದರ್ಶನ. ಆದುದರಿಂದ ಯಂತ್ರವು ತಮಟೆಗೆ ಶತ್ರುವೆಂದು ತೀರ್ಮಾನಿಸುವ ಮೊದಲು ಯಾರು, ಯಾವ ಷರತ್ತಿನ ಮೇಲೆ, ಯಾರಿಗಾಗಿ ನುಡಿಸುತ್ತಿದ್ದರೆಂಬುದನ್ನು ಕೇಳಬೇಕು.

ನಿಜವಾಗಿ ಕಳೆದುಹೋದುದು ಯಾವುದೆಂದು ಕೇಳಿದರೆ, ನಮಗೆ ತೋರುವಂತೆ, ಎರಡು ಹಾಡುಗಳ ನಡುವಣ ಆ ಬಿಡುವು. ತಮಟೆಯವನ ಕೈಗೆ ದಣಿವಿದ್ದಿತು, ಪ್ಲೇಟಿಗೆ ಕೊನೆಯಿದ್ದಿತು, ಕ್ಯಾಸೆಟ್ಟಿಗೆ ಮಗ್ಗುಲು ಬದಲಿಸಬೇಕಾಗಿದ್ದಿತು. ಕೂಡಿಕೆಯ ಸಾಧನವು ಹುಟ್ಟಿದುದೇ ಈ ಬಿಡುವನ್ನು ತೊಡೆದುಹಾಕಲು. ಅದು ತನ್ನ ಕೆಲಸವನ್ನು ಪೂರ್ಣವಾಗಿ ಸಾಧಿಸಿದೆ. ನೃತ್ಯಶಾಲೆಯ ಮುಚ್ಚಿದ ಬಾಗಿಲಿನೊಳಗೆ ಇದು ಗುಣ. ಮಗು ತಪ್ಪಿಸಿಕೊಳ್ಳುವ, ರೋಗಿಯನ್ನು ಹೊತ್ತ ಆಂಬ್ಯುಲೆನ್ಸು ದಾರಿ ಕೇಳುವ ಬೀದಿಯಲ್ಲಿ ಇದು ಗುಣವಾಗಿಯೇ ಉಳಿಯುವುದಿಲ್ಲ.

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯಗಳನ್ನು ಸಂಗ್ರಹಿಸಿ ಹೇಳಬಹುದು. ಆಜ್ಞೆಗಳು ಹೆಸರನ್ನು ಬಿಟ್ಟು ಗಾತ್ರ, ಹೊತ್ತು, ಸ್ಪೀಕರುಗಳ ಸಂಖ್ಯೆ, ಮಂದ್ರಧ್ವನಿಯ ಮಿತಿ ಇವುಗಳನ್ನು ಹೇಳತಕ್ಕದ್ದು. ಗಂಟೆಗೆ ಇಷ್ಟು ನಿಮಿಷ ಬಿಡುವಿರತಕ್ಕದ್ದೆಂಬುದನ್ನೂ ಸೇರಿಸುವುದು ಯುಕ್ತ. ಅನುಮತಿಯನ್ನು ಪೆಟ್ಟಿಗೆಗಳ ಮಾಲೀಕನಿಗೆ ಕೊಡುವಾಗ ಮಿಕ್ಸರಿನ ಮುಂದೆ ನಿಲ್ಲುವಾತನನ್ನೂ ಹೊಣೆಗಾರನನ್ನಾಗಿ ಗುರುತಿಸುವುದು ಮೇಲು, ಹಾಗಾದಲ್ಲಿ ಡಿ.ಜೆ. ಎಂಬುದು ಮರಳಿ ಮನುಷ್ಯನ ಹೆಸರಾಗುತ್ತದೆ. ಕೊನೆಯದಾಗಿ, ನಮ್ಮ ವಿಭಾಗಗಳ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಹೋದಾಗ ಶಾಸನದ ಪಡಿಯಚ್ಚನ್ನು ತೆಗೆಯುವಂತೆ, ಜಾತ್ರೆಯಲ್ಲಿ ನುಡಿದ ಹಾಡುಗಳ ಪಟ್ಟಿಯನ್ನೂ, ಹಳೆಯ ಮೈಕ್ ಸೆಟ್ಟಿನವರ ನೆನಪುಗಳನ್ನೂ, ಉಳಿದಿರುವ ಪ್ಲೇಟು ಕ್ಯಾಸೆಟ್ಟುಗಳನ್ನೂ ಸಂಗ್ರಹಿಸಬೇಕು. ಮಾಕಳಿದುರ್ಗದ ಕೋಟೆಗೋ‌ಡೆಗಳು ಇನ್ನೂ ಅನೇಕ ವರ್ಷ ನಿಲ್ಲಬಲ್ಲವು. ಅದರ ಕಣಿವೆಯಲ್ಲಿ ಈ ವರ್ಷ ಜನರು ಕೇಳಿದ ಹಾಡುಗಳ ಪಟ್ಟಿಯು ಮುಂದಿನ ಹಬ್ಬಕ್ಕೆ ಪೆನ್‌ಡ್ರೈವನ್ನು ಅಳಿಸುವವರೆಗೆ ಮಾತ್ರ ಉಳಿದಿರುತ್ತದೆ.